ತುಟಿಯ ಮೇಲಿನ ಕನ್ನಡ

ಪುಣೆಯಲ್ಲಿ ನಮ್ಮದೊಂದು ಸಣ್ಣ ಊಟದ ಗುಂಪು ಇದೆ. ಸಂಘ ಎನ್ನುವಷ್ಟು ದೊಡ್ಡದಲ್ಲ. ಅಧ್ಯಕ್ಷರಿಲ್ಲ, ಕಾರ್ಯದರ್ಶಿ ಇಲ್ಲ, ರಾಜ್ಯೋತ್ಸವಕ್ಕೆ ಊರಿನಿಂದ ಅತಿಥಿಗಳನ್ನು ಕರೆಸುವ ತಾಪತ್ರಯವೂ ಇಲ್ಲ. ತಿಂಗಳ ಕೊನೆಯ ಶನಿವಾರ ನಾಲ್ಕು ಮನೆಯವರು ಸೇರಿ ಎಲ್ಲಾದರೂ ಹೊರಗೆ ಊಟ ಮಾಡುವುದು, ಅಷ್ಟೆ. ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯುವುದೂ ಕಡಿಮೆ. ಬ್ಯಾಂಕಿನಲ್ಲಿರುವ ಗೆಳೆಯ ‘ಮೈಸೂರು’. ಲೆಕ್ಕಪತ್ರ ನೋಡುವವರು ‘ಕುಂದಾಪುರ’. ಸಾಫ್ಟ್‌ವೇರ್ ಕಂಪನಿಯಲ್ಲಿರುವವರು ‘ರಾಯಚೂರಕ್ಕ’. ನಾನು ‘ಧಾರವಾಡ’. ನನ್ನ ನಿಜವಾದ ಊರು ನವಲಗುಂದದ ಕಡೆಯ ಒಂದು ಹಳ್ಳಿ. ಆದರೆ ಊರು ಬಿಟ್ಟು ಬಂದವರಿಗೆ ಜಿಲ್ಲೆಯೇ ಊರು, ಇನ್ನೂ ದೂರ ಹೋದವರಿಗೆ ರಾಜ್ಯವೇ ಊರು.

ಗುಂಪಿಗೆ ಇರುವುದು ಒಂದೇ ನಿಯಮ. ಊಟ ಮುಗಿಯುವತನಕ ಕನ್ನಡ ಬಿಟ್ಟು ಬೇರೆ ಮಾತಾಡಬಾರದು. ಮರಾಠಿ, ಹಿಂದಿ, ಇಂಗ್ಲಿಷು ಯಾವುದು ಬಾಯಿಗೆ ಬಂದರೂ ಹತ್ತು ರೂಪಾಯಿ ದಂಡ. ದಂಡದ ಡಬ್ಬಿ ರಾಯಚೂರಕ್ಕನ ಬ್ಯಾಗಿನಲ್ಲಿರುತ್ತದೆ. ಈ ನಿಯಮ ತಂದವನು ನಾನೇ. ನನ್ನ ಮಗಳು ಒಂದು ವಾಕ್ಯವನ್ನು ಕನ್ನಡದಲ್ಲಿ ಹಿಡಿದು ಮರಾಠಿಯಲ್ಲಿ ಬಿಡುತ್ತಾಳೆ. ಅಜ್ಜಿಯ ಹತ್ತಿರ ಫೋನಿನಲ್ಲಿ ಎರಡು ಮಾತಾಡಿ, ಮೂರನೆಯದಕ್ಕೆ ಫೋನು ನನಗೆ ಕೊಡುತ್ತಾಳೆ. ಒಂದೇ ಮನೆಯವರಿಗೆ ಒಬ್ಬರ ಮಾತು ಒಬ್ಬರಿಗೆ ತಿಳಿಯದ ದಿನ ಬಂದೀತು ಎಂಬ ಹೆದರಿಕೆ ನನಗೆ. ಈ ಹೆದರಿಕೆಯ ಬಗ್ಗೆ ಗುಂಪಿನಲ್ಲಿ ಎಷ್ಟು ಸಲ ಭಾಷಣ ಮಾಡಿದ್ದೇನೋ ಲೆಕ್ಕವಿಲ್ಲ.

2019ರ ಫೆಬ್ರವರಿಯಲ್ಲಿ ಹೋಟೆಲು ಹುಡುಕುವ ಪಾಳಿ ಮೈಸೂರಿನದು. ಕೋರೆಗಾಂವ್ ಪಾರ್ಕಿನ ಒಳಗಲ್ಲಿಯಲ್ಲಿ ಒಂದು ಲೆಬನಾನಿ ಹೋಟೆಲು ಇದೆಯೆಂದು ಸುದ್ದಿ ತಂದ.

“ಅಲ್ಲಿ ಬಡಿಸೋರು ಯಾರೂ ಮಾತೇ ಆಡಲ್ವಂತೆ ಕಣ್ರೀ” ಎಂದ.

“ಎಂತ ಮಾರಾಯ್ರೆ, ಅಷ್ಟೂ ಸಿಟ್ಟಾ?” ಎಂದರು ಕುಂದಾಪುರ.

“ಸಿಟ್ಟಲ್ಲ ಸ್ವಾಮಿ, ಕಿವಿ ಕೇಳಿಸಲ್ಲ. ಎಲ್ಲ ಕೈಸನ್ನೇಲೇ ಅಂತೆ. ಅಂಥ ಹುಡುಗ ಹುಡುಗೀರಿಗೇ ಕೆಲಸ ಕೊಟ್ಟಿದಾರಂತೆ.”

ಎಲ್ಲರೂ ಒಳ್ಳೆಯದಾಯಿತು, ಹೋಗೋಣ ಎಂದರು. ನನಗೆ ಮಾತ್ರ ಮನಸ್ಸಿರಲಿಲ್ಲ. ಕಡಲೆ ರುಬ್ಬಿದ್ದು ತಿನ್ನೋದಕ್ಕ ಅಷ್ಟು ದೂರ ಯಾಕ್ರೆಪಾ ಎಂದು ಏನೋ ಒಂದು ನೆವ ಹೇಳಿದೆ. ನಿಜವಾದ ಕಾರಣ ನನ್ನ ಹೆಂಡತಿಗೆ ಗೊತ್ತಿತ್ತು. ಅವಳು ಸುಮ್ಮನಿದ್ದಳು.

ಹೋಟೆಲು ಸಣ್ಣದು, ಹದಿನಾಲ್ಕು ಮೇಜು. ಬೆಳಕು ಚೆನ್ನಾಗಿತ್ತು. ಇಂಥ ಹೋಟೆಲುಗಳಲ್ಲಿ ಸಾಮಾನ್ಯವಾಗಿ ಮುಂದಿನವರ ಮುಖ ಕಾಣದಷ್ಟು ಮಬ್ಬು ಇರುತ್ತದೆ, ಇಲ್ಲಿ ಮದುವೆ ಮನೆಯಂತೆ ಬೆಳಕು. ಅದರ ಕಾರಣ ಆಮೇಲೆ ತಿಳಿಯಿತು. ಪ್ರತಿ ಮೇಜಿನ ಅಂಚಿಗೆ ಒಂದು ಸ್ವಿಚ್ಚು. ಒತ್ತಿದರೆ ಗೋಡೆಯ ಮೇಲೆ ನಮ್ಮ ಮೇಜಿನ ನಂಬರಿನ ದೀಪ ಹತ್ತುತ್ತದೆ. ತಿಂಡಿಪಟ್ಟಿಯಲ್ಲಿ ಪ್ರತಿ ಪದಾರ್ಥದ ಮುಂದೆ ಒಂದು ಕೈಸನ್ನೆಯ ಚಿತ್ರ. ನೋಡಿ ಹಾಗೇ ಕೈ ಮಾಡಿ ತೋರಿಸಬೇಕು. ಹಮ್ಮಸ್ ಬೇಕೆಂದರೆ ಅಂಗೈ ಚಾಚಿ, ಇನ್ನೊಂದು ಕೈಯ ಬೆರಳಿನಿಂದ ಅದರ ಮೇಲೆ ಒಂದು ಸುತ್ತು. ಹಮ್ಮಸನ್ನು ತಟ್ಟೆಯಲ್ಲಿ ಹರಡಿ, ನಡುವೆ ಗುಣಿ ಮಾಡಿ ಎಣ್ಣೆ ಹಾಕುತ್ತಾರಲ್ಲ, ಅದು. ಲೆಬನಾನಿ ಅಡುಗೆಗೆ ತಯಾರಾದ ಸನ್ನೆಗಳು ಎಲ್ಲಿಂದ ಬರಬೇಕು? ಆ ಹುಡುಗರೇ ಕೂತು ಕಟ್ಟಿಕೊಂಡವು.

ಶುರುವಿನಲ್ಲಿ ನಮ್ಮ ಫಜೀತಿ ನೋಡಬೇಕಿತ್ತು. ಕುಂದಾಪುರ ಸನ್ನೆ ಮಾಡುವಾಗ ಜೊತೆಗೆ ಗಟ್ಟಿಯಾಗಿ “ಫ-ಲಾ-ಫೆ-ಲ್” ಎಂದು ಕೂಗಿದರು. ಕಿವಿ ಕೇಳದವರ ಮುಂದೆ ಕೂಗುವುದು ಮನುಷ್ಯರ ಹುಟ್ಟುಗುಣವಿರಬೇಕು. ಪಕ್ಕದ ಮೇಜಿನವರೆಲ್ಲ ತಿರುಗಿ ನೋಡಿದರು, ಯಾರಿಗೆ ಕೇಳಬೇಕೋ ಅವನೊಬ್ಬ ನಗುತ್ತ ನಿಂತಿದ್ದ. ಹಮ್ಮಸ್, ಫಲಾಫೆಲ್‌ನಂಥ ಮಾತುಗಳಿಗೆ ದಂಡವಿಲ್ಲ ಎಂದು ರಾಯಚೂರಕ್ಕ ತೀರ್ಪು ಕೊಟ್ಟರು. ಕೈಯಾಡಿಸಿದ್ದಕ್ಕೆ ದಂಡ ಹೇಗೆ ಎಂಬುದು ಇತ್ಯರ್ಥವಾಗಲಿಲ್ಲ.

ಊಟ ಬಂತು. ಲೆಬನಾನಿನವರು ಮೆಝೆ ಎನ್ನುವುದು ನಮ್ಮ ಎಡೆಯ ಹಾಗೆ, ಸಣ್ಣ ಸಣ್ಣ ಬಟ್ಟಲುಗಳಲ್ಲಿ ಹಲವು ಬಗೆ. ನಡುವೆ ಇಟ್ಟುಕೊಂಡು ಎಲ್ಲರೂ ರೊಟ್ಟಿ ಮುರಿದು ಅದ್ದಿ ತಿನ್ನುವುದು. ಹಮ್ಮಸ್‌ಗೆ ಬೇಯಿಸಿದ ಕಾಬೂಲಿ ಕಡಲೆ, ಎಳ್ಳಿನ ಹಿಟ್ಟು, ನಿಂಬೆರಸ, ಬೆಳ್ಳುಳ್ಳಿ. ಬಾಬಾ ಗನೂಜ್ ಎಂದರೆ ಕೆಂಡದಲ್ಲಿ ಸುಟ್ಟ ಬದನೆಕಾಯಿ. ನಮ್ಮ ಮನೆಯಲ್ಲಿ ಒಲೆಯೊಳಗೆ ಸುಟ್ಟು ಹಸಿಮೆಣಸಿನಕಾಯಿ ಹಾಕಿ ಮಾಡುತ್ತಿದ್ದುದರ ದೂರದ ನೆಂಟ. ತಬೂಲೆ ಎಂಬುದು ಸೊಪ್ಪು ಜಾಸ್ತಿ, ಗೋಧಿ ನುಚ್ಚು ಕಡಿಮೆ. ಲಬ್ನೆ ನೀರು ಬಸಿದ ಗಟ್ಟಿ ಮೊಸರು. “ಎಲ್ಲಾ ನಮ್ಮವೇ ಅವ, ಒಗ್ಗರಣಿ ಒಂದು ಇಲ್ಲ ನೋಡ್ರಿ” ಎಂದು ರಾಯಚೂರಕ್ಕ ಉಸಿರು ಬಿಟ್ಟರು. ಎಣ್ಣೆಯಲ್ಲಿ ಸಾಸಿವೆ ಸಿಡಿಯದೆ ಊಟ ಸಂಪೂರ್ಣವಾಗುವುದಿಲ್ಲ ಎಂಬುದರಲ್ಲಿ ಮೈಸೂರಿಗೂ ಕುಂದಾಪುರಕ್ಕೂ ನನಗೂ ಅಪರೂಪದ ಒಮ್ಮತ ಬಂತು.

ನಮ್ಮ ಮೇಜಿಗೆ ಬಡಿಸುತ್ತಿದ್ದ ಹುಡುಗನಿಗೆ ಇಪ್ಪತ್ತಮೂರು ಇಪ್ಪತ್ತನಾಲ್ಕು ವರ್ಷವಿರಬೇಕು. ಚುರುಕು. ನಡುವೆ ಮಜ್ಜಿಗೆಯಂಥದ್ದೊಂದನ್ನು ಲೋಟಕ್ಕೆ ಹಾಕುತ್ತಿದ್ದ. ನನ್ನ ಹೆಂಡತಿ ಏನೋ ಮಾತಿನ ನಡುವೆ ಮೆಲ್ಲಗೆ “ಸಾಕು” ಎಂದಳು. ಕೈ ಎತ್ತಲಿಲ್ಲ, ಲೋಟಕ್ಕೆ ಅಡ್ಡ ಹಿಡಿಯಲಿಲ್ಲ. ಹುಡುಗ ನಿಲ್ಲಿಸಿಬಿಟ್ಟ. ಕಾಕತಾಳೀಯ ಅಂದುಕೊಂಡೆವು. ಸ್ವಲ್ಪ ಹೊತ್ತಿಗೆ ಕುಂದಾಪುರದವರ ಮಗ ಕೈ ತೊಳೆಯಲು ಹೋಗಿದ್ದವನು ಅಲ್ಲೇ ಆಟಕ್ಕೆ ನಿಂತ. ಅವನ ತಾಯಿ “ಬಾ, ಊಟ ಮಾಡು” ಎಂದರು. ಹುಡುಗ ಥಟ್ಟನೆ ಅವರ ಕಡೆ ತಿರುಗಿದ. ಮುಖದಲ್ಲಿ ಒಂಥರಾ ಬೆಳಕು. ಕಿಸೆಯಿಂದ ಆರ್ಡರ್ ಬರೆಯುವ ಚೀಟಿಪುಸ್ತಕ ತೆಗೆದು ಮರಾಠಿಯಲ್ಲಿ ಏನೋ ಗೀಚಿ ನನ್ನ ಮುಂದಿಟ್ಟ.

ಬರೆದದ್ದು ಇಷ್ಟು: ನಿಮ್ಮ ಬಾಯಿ ನನ್ನ ತಾಯಿಯ ಬಾಯಿಯ ಹಾಗೆ ಆಡುತ್ತದೆ.

ನಾವು ಎಂಟೂ ಜನ ಸುಮ್ಮನಾದೆವು. ಅಷ್ಟು ಹೊತ್ತಿಗೆ ಮಾಲೀಕರು ಬಂದರು. ಅಲ್ಲಿ ಕಿವಿ ಕೇಳುವವರು ಅವರೂ ಒಬ್ಬ ಅಡುಗೆಯವರೂ, ಇಬ್ಬರೇ. ಅವರ ಬೆರಳು ಹುಡುಗನೊಡನೆ ಎಷ್ಟೋ ಹೊತ್ತು ಆಡಿತು. ಆಮೇಲೆ ನಮಗೆ ಹಿಂದಿಯಲ್ಲಿ ಹೇಳಿದರು. ಹುಡುಗನ ಊರು ಅಕ್ಕಲಕೋಟೆಯ ಹತ್ತಿರ. ಸೊಲ್ಲಾಪುರ ಜಿಲ್ಲೆಯ ಆ ಸೀಮೆಯಲ್ಲಿ ಮನೆಮಾತು ಕನ್ನಡ ಇರುವವರು ಬೇಕಾದಷ್ಟು ಮಂದಿ ಎಂಬುದು ಓದುಗರಿಗೆ ಗೊತ್ತೇ ಇದೆ. ಇವನ ತಾಯಿಗೆ ಬರುವುದು ಕನ್ನಡವೊಂದೇ, ಓದು ಬರಹ ಇಲ್ಲ. ಇವನು ಹುಟ್ಟಾ ಕಿವುಡ. ಏಳನೆಯ ವಯಸ್ಸಿಗೆ ವಸತಿಶಾಲೆಗೆ ಬಂದ. ಅಲ್ಲಿ ಕಲಿತ ಬರಹ ಮರಾಠಿ, ಗೆಳೆಯರಿಂದ ಕಲಿತ ಮಾತು ಸಂಜ್ಞಾ ಭಾಷೆ. ತಾಯಿಯದು ಒಂದು ಭಾಷೆ, ಮಗನವು ಎರಡು, ಮೂರರಲ್ಲಿ ಒಂದೂ ಇಬ್ಬರಿಗೂ ಸೇರಿದ್ದಲ್ಲ. ಆದರೆ ಏಳು ವರ್ಷ ಅವನು ತಾಯಿಯ ತುಟಿ ನೋಡಿದ್ದ. ಬಾ, ಉಣ್ಣು, ಸಾಕು, ಮಲಗು. ಆ ತುಟಿಯಾಟ ಅವನಿಗೆ ಗುರುತಿತ್ತು. ಅದಕ್ಕೊಂದು ಹೆಸರಿದೆ, ಅದು ಕನ್ನಡ ಎಂಬುದೂ ಗೊತ್ತಿತ್ತು. ಪುಣೆಯಲ್ಲಿ ಯಾರ ಬಾಯಲ್ಲೂ ಕಂಡಿರಲಿಲ್ಲ.

ಕನ್ನಡ ಉಳಿಯಬೇಕೆಂದು ಹತ್ತು ರೂಪಾಯಿ ದಂಡ ಹಾಕಿಕೊಂಡು ಕೂತ ನಮ್ಮನ್ನು ಗುರುತಿಸಿದವನು, ಕನ್ನಡದ ಒಂದು ಶಬ್ದವನ್ನೂ ಕೇಳಿಲ್ಲದ ಹುಡುಗ.

ಅವನು ಚೀಟಿಪುಸ್ತಕ ಮತ್ತೆ ಮುಂದೆ ಹಿಡಿದ. ಆ ಮಾತುಗಳನ್ನು ಕನ್ನಡದಲ್ಲಿ ಬರೆದುಕೊಡಬೇಕಂತೆ, ಅವು ಹೇಗೆ ಕಾಣುತ್ತವೆ ನೋಡಬೇಕಂತೆ. ರಾಯಚೂರಕ್ಕ ದುಂಡಗೆ ಬರೆದರು: ಅವ್ವ, ಬಾ, ಉಣ್ಣು, ಸಾಕು. ಪಕ್ಕದಲ್ಲಿ ಮರಾಠಿ ಅರ್ಥ. ಒಂದೊಂದನ್ನೂ ತೋರಿಸಿ ಅಕ್ಕ ಬಾಯಿ ಆಡಿಸುವುದು, ಅವನು ತಲೆ ಹಾಕುವುದು. ಮೈಸೂರು ಉತ್ಸಾಹ ಬಂದು “ಅಮ್ಮ ಅಂತಾನೂ ಬರೀರಿ” ಎಂದ. ಹುಡುಗ ಅವನ ತುಟಿ ನೋಡಿ ತಲೆ ಅಲ್ಲಾಡಿಸಿದ. ಮಾಲೀಕರು ವಿವರಿಸಿದರು: ಪ, ಬ, ಮ ಮೂರೂ ತುಟಿಯ ಮೇಲೆ ಒಂದೇ. ಶಬ್ದ ತೆಗೆದುಬಿಟ್ಟರೆ ಅಪ್ಪ ಯಾವುದು ಅಮ್ಮ ಯಾವುದು ತಿಳಿಯುವುದಿಲ್ಲ. ಕನ್ನಡಿಯ ಮುಂದೆ ನಿಂತು ನೀವೂ ಹೇಳಿ ನೋಡಿ. ನಮ್ಮ ಕಡೆಯ ‘ಅವ್ವ’ ಬೇರೆ ಕಾಣುತ್ತದೆ, ಹಲ್ಲು ತುಟಿಗೆ ತಾಕುತ್ತದೆ. ನನಗೇನೋ ಸಣ್ಣ ಹೆಮ್ಮೆಯಾಯಿತು.

ತುಟಿ ನೋಡಿ ಮಾತು ಹಿಡಿಯುವುದು ಎಷ್ಟು ಕಷ್ಟ ಎಂಬುದನ್ನೂ ಅವರು ಹೇಳಿದರು. ಅರ್ಧಕ್ಕಿಂತ ಹೆಚ್ಚು ಊಹೆಯೇ. ಅದಕ್ಕೇ ಇಲ್ಲಿ ಅಷ್ಟು ಬೆಳಕು. ಮಾತಾಡುವವರು ಬೆಳಕಿಗೆ ಮುಖ ಕೊಡಬೇಕು, ಬಾಯಿಗೆ ಕೈ ಅಡ್ಡ ಹಿಡಿಯಬಾರದು. ಕೂಗಬಾರದು, ಕೂಗಿದರೆ ತುಟಿ ಸೊಟ್ಟಗಾಗುತ್ತದೆ. ಹೀಗೆ ಹೇಳಿ ಕುಂದಾಪುರದವರನ್ನು ನೋಡಿ ನಕ್ಕರು. ನಾನು ನಗುನಗುತ್ತಲೇ ಇದನ್ನೆಲ್ಲ ಕೇಳುತ್ತಿದ್ದೆ. ನನ್ನ ಕೈಯಲ್ಲಿದ್ದ ರೊಟ್ಟಿಯ ತುಂಡು ಬಾಯಿಗೆ ಹೋಗಲಿಲ್ಲ.

ನಾನು ಬರಲು ಹಿಂಜರಿದದ್ದು ಯಾಕೆ ಎಂದು ಈಗ ಹೇಳಬೇಕು.

ನನಗೊಬ್ಬ ಕಾಕಾ ಇದ್ದಾರೆ, ಅಪ್ಪನ ತಮ್ಮ. ಹುಟ್ಟಿದಾಗಿನಿಂದ ಕಿವಿ ಕೇಳುವುದಿಲ್ಲ, ಮಾತು ಬರುವುದಿಲ್ಲ. ಇಲ್ಲಿ ‘ಇದ್ದಾರೆ’ ಎಂದು ಬರೆಯುತ್ತಿದ್ದೇನೆ, ಮನೆಯಲ್ಲಿ ಯಾರೂ ಹಾಗೆ ಅನ್ನುತ್ತಿರಲಿಲ್ಲ. ಅಪ್ಪನಿಗೆ, ದೊಡ್ಡಪ್ಪನಿಗೆ ಬಹುವಚನ. ಕಾಕಾ ಮಾತ್ರ ‘ಅಂವ’. ಆರು ವರ್ಷದ ಹುಡುಗರೂ ‘ಮೂಕ ಕಾಕಾ ಬಂದ’ ಎನ್ನುತ್ತಿದ್ದರು. ಅವರಿಗೆ ನಾಮಕರಣದಲ್ಲಿ ಇಟ್ಟ ಹೆಸರೊಂದು ಇದೆ ಎಂದು ನನಗೆ ಗೊತ್ತಾದದ್ದು ರೇಷನ್ ಕಾರ್ಡು ನೋಡಿ. ಅವರೋ ನಮ್ಮೆಲ್ಲರಿಗೂ ಒಂದೊಂದು ಹೆಸರಿಟ್ಟಿದ್ದರು. ಎರಡು ಬೆರಳನ್ನು ಕಣ್ಣಿಗೆ ದುಂಡಗೆ ಹಿಡಿದರೆ ಚಾಳೀಸಿನ ಅಪ್ಪ. ಮೀಸೆ ತಿರುವಿದರೆ ದೊಡ್ಡಪ್ಪ. ಮೂಗಿನ ಪಕ್ಕ ಬೆರಳಿಟ್ಟರೆ ಮೂಗುತಿಯ ಅವ್ವ. ಗದ್ದ ಮುಟ್ಟಿದರೆ ನಾನು. ಚಕ್ಕಡಿಯಿಂದ ಬಿದ್ದ ಗಾಯದ ಗುರುತು ಅಲ್ಲಿದೆ.

ಅವರು ಹುಟ್ಟಿದ್ದು 1950ರ ಸುಮಾರಿಗೆ. ಮಾತು ಬರಲಿ ಎಂದು ಬಜೆಬೇರು ತೇಯ್ದು ನಾಲಗೆಗೆ ಹಚ್ಚಿದರಂತೆ, ಗುಡಿಯ ಗಂಟೆಯಲ್ಲಿ ನೀರು ಹಿಡಿದು ಕುಡಿಸಿದರಂತೆ. ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಶುರುವಾದದ್ದು 1965ರಲ್ಲಿ. ಆಗ ಕಾಕಾಗೆ ಹದಿನೈದು, ಆಗಲೇ ಎತ್ತಿನ ಹಿಂದೆ ಇದ್ದರು. ನಮ್ಮ ಎರೆ ಹೊಲದಲ್ಲಿ ಮಳೆಗಾಲ ಮುಗಿಯುತ್ತಲೇ ಕಡಲೆ, ಬಿಳಿಜೋಳ, ಗೋಧಿ ಬಿತ್ತುತ್ತಾರೆ. ಕಡಲೆಯ ಕೆಲಸ ಕಾಕಾನದೇ. ಚಳಿಗಾಲದ ನಸುಕಿನಲ್ಲಿ ಕಡಲೆಗಿಡದ ಮೇಲೆ ತೆಳ್ಳನೆಯ ಬಟ್ಟೆ ಎಳೆದು, ಇಬ್ಬನಿಯೊಡನೆ ಇಳಿದ ಹುಳಿಯನ್ನು ಹಿಂಡಿ ಸೀಸೆ ತುಂಬುತ್ತಿದ್ದರು. ಹಸಿ ಕಡಲೆಗಿಡ ಕಿತ್ತು ತಂದು ಸುಟ್ಟು, ಬಿಸಿಬಿಸಿಯಾಗಿ ಮಕ್ಕಳ ಅಂಗೈಗೆ ಸುರಿಯುತ್ತಿದ್ದರು. ಆ ಹೋಟೆಲಿನಲ್ಲಿ ಹಮ್ಮಸ್ ಬಾಯಿಗಿಟ್ಟಾಗ ನನಗೆ ಮೊದಲು ನೆನಪಾದದ್ದು ಆ ಸುಟ್ಟ ಕಡಲೆಯೇ. ಉಳಿದದ್ದು ಹಿಂದಿನಿಂದ ಬಂತು.

1994ರಲ್ಲಿ ನಮ್ಮ ಮನೆಯ ವಾಟ್ನಿ ಆಯಿತು. ಹದಿನೆಂಟು ಎಕರೆ, ಮೂವರು ಅಣ್ಣತಮ್ಮಂದಿರು. ಪಡಸಾಲೆಯಲ್ಲಿ ಹಿರಿಯರು ಕೂತಿದ್ದರು. ಕಾಕಾ ಎಂದಿನಂತೆ ಕಂಬಕ್ಕೆ ಬೆನ್ನು ಕೊಟ್ಟು ಎದುರಿಗೇ ಕೂತಿದ್ದರು. ನಾನು ಆಗ ಇಪ್ಪತ್ತನಾಲ್ಕರ ಹುಡುಗ, ಡಿಪ್ಲೊಮಾ ಮುಗಿಸಿದ್ದೆ, ಕಾನೂನು ಗೊತ್ತಿರುವವನ ಹಾಗೆ ಮಾತಾಡುವ ಚಟ. ಆ ದಿನ ಎಲ್ಲರೆದುರು ಅಂದೆ: “ಕಾಕಾಗ ಯಾಕ ಬ್ಯಾರೆ ಪಾಲು? ಹೆಂಡ್ರಿಲ್ಲ, ಮಕ್ಕಳಿಲ್ಲ. ಹೆಂಗೂ ನಮ್ಮ ಕೂಡನ ಇರ್ತಾನ. ಅಂವಗೇನ ತಿಳೀತದ?”

ಹಿರಿಯರಿಗೆ ಅದು ಅನುಕೂಲವಾಗಿ ಕಂಡಿತು. ಅಜ್ಜಿಯೊಬ್ಬಳು “ಅವನದ ಅವಗ ಇರಲಿ” ಎಂದಳು. ಅವಳ ಮಾತು ಯಾರೂ ಹಿಡಿಯಲಿಲ್ಲ. ಕಾಕಾನ ಆರು ಎಕರೆ ಅಪ್ಪನ ಹೆಸರಿಗೆ ಕೂಡಿತು. ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸುವಾಗ ಅವರ ಬೆರಳಿಗೆ ಮಸಿ ಹಚ್ಚಿದವನು ನಾನು. 2004ರಲ್ಲಿ ಆ ಆರರಲ್ಲಿ ಮೂರು ಎಕರೆ ಮಾರಿದೆವು. ಅದು ಪುಣೆಯ ನನ್ನ ಫ್ಲ್ಯಾಟಿನ ಮುಂಗಡಕ್ಕೆ ಬಂತು.

ಅವಗೇನ ತಿಳೀತದ ಎಂಬುದರ ಮೇಲೆ ಇಷ್ಟು ವರ್ಷ ನೆಮ್ಮದಿಯಾಗಿ ಮಲಗಿದ್ದೆ. ಆ ಶನಿವಾರ ರಾತ್ರಿ, ಅಕ್ಕಲಕೋಟೆಯ ಹುಡುಗ ಒಂದು ‘ಸಾಕು’ ಹಿಡಿದು ಲೋಟ ನಿಲ್ಲಿಸಿದ ಮೇಲೆ, ಆ ನೆಮ್ಮದಿ ಹೋಯಿತು. ಏಳು ವರ್ಷ ತಾಯಿಯ ಬಾಯಿ ನೋಡಿದವನಿಗೆ ಇಷ್ಟು ಗೊತ್ತಾದರೆ, ಆಗ ನಲವತ್ತನಾಲ್ಕು ವರ್ಷ ನಮ್ಮೆಲ್ಲರ ಬಾಯಿ ನೋಡಿದ್ದ ಕಾಕಾಗೆ? ನಾನು ಮಾತಾಡುವಾಗ ಬಾಗಿಲಿನ ಬೆಳಕು ನನ್ನ ಮುಖದ ಮೇಲೇ ಇತ್ತು.

ಏಳುವ ಮುಂಚೆ ಮಾಲೀಕರನ್ನು ಕೇಳಿದೆ, ಈ ಪುಣ್ಯದ ಕೆಲಸ ಹೇಗೆ ತಲೆಗೆ ಬಂತು ಎಂದು. ಅವರಿಗೆ ಆ ಮಾತು ಹಿಡಿಸಲಿಲ್ಲ. ದುಬೈಯಲ್ಲಿ ಲೆಬನಾನಿನ ಬಾಣಸಿಗರ ಕೈಕೆಳಗೆ ಹನ್ನೊಂದು ವರ್ಷ ಇದ್ದವರು ಅವರು. ಪುಣ್ಯ ಏನಿಲ್ಲ, ಇದು ಲೆಕ್ಕ ಎಂದರು. ಹೋಟೆಲಿನ ಹುಡುಗರು ಮೂರು ತಿಂಗಳಿಗೊಮ್ಮೆ ಕೆಲಸ ಬಿಡುತ್ತಾರೆ, ಇವರು ಬಿಡುವುದಿಲ್ಲ. ಗಿರಾಕಿಯ ಮುಖ ನೋಡಿಯೇ ಏನು ಬೇಕೆಂದು ಅರಿಯುತ್ತಾರೆ. ಸಂಬಳ ಎಲ್ಲರಿಗೂ ಇರುವಷ್ಟೇ. ನಾನು ದಾನ ಕೊಡುತ್ತಿಲ್ಲ, ಅವರು ತಗೊಳ್ಳುತ್ತಲೂ ಇಲ್ಲ ಎಂದರು. ಹೊರಡುವಾಗ ರಾಯಚೂರಕ್ಕ ಎರಡೂ ಕೈ ಮೇಲೆತ್ತಿ ಬೆರಳು ಅಲುಗಿಸಿದರು. ಕಿವಿ ಕೇಳದವರ ಚಪ್ಪಾಳೆ ಹಾಗೆ. ಗೋಡೆಯ ಮೇಲೆ ಅದರ ಚಿತ್ರವಿತ್ತು.

ಆಮೇಲೆ ನಾನು ಈ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. 2011ರ ಜನಗಣತಿಯಲ್ಲಿ ಕಿವಿ ಕೇಳದವರೆಂದು ಬರೆಸಿಕೊಂಡವರೇ 50 ಲಕ್ಷಕ್ಕೆ ಮೇಲೆ. ಭಾರತೀಯ ಸಂಜ್ಞಾ ಭಾಷೆಗೆ ತನ್ನದೇ ವ್ಯಾಕರಣ ಇದೆ. ‘ಯಾರು’, ‘ಎಲ್ಲಿ’ ಎಂಬ ಪ್ರಶ್ನೆಪದ ಅದರಲ್ಲಿ ವಾಕ್ಯದ ಕೊನೆಗೆ ಬರುತ್ತದೆ. ಊರಿಂದೂರಿಗೆ ಕೆಲವು ಸನ್ನೆ ಬದಲಾದರೂ, ಕನ್ನಡದವನೂ ಬಂಗಾಳದವನೂ ಅದರಲ್ಲಿ ಮಾತಾಡಿಕೊಳ್ಳಬಲ್ಲರು. ನಾವು ಹಾಗೆ ಮಾಡಲಾರೆವು. ಇದಕ್ಕಾಗಿ ದಿಲ್ಲಿಯಲ್ಲಿ ಸರ್ಕಾರದ ಸಂಸ್ಥೆ ಬಂದದ್ದು 2015ರಲ್ಲಿ. 2018ರಲ್ಲಿ ಅದರ ನಿಘಂಟಿನಲ್ಲಿ 3,000 ಪದ ಇದ್ದವು, 2021ರ ಹೊತ್ತಿಗೆ 10,000 ಆದವು. ಆದರೆ ಕಿವಿ ಕೇಳದ ಮಕ್ಕಳಿಗೆ ಸನ್ನೆ ಕಲಿಸಬೇಡಿ, ಬಾಯಿಮಾತೇ ಕಲಿಸಿ ಎಂದು 1880ರಲ್ಲಿ ಮಿಲಾನ್ ನಗರದಲ್ಲಿ ಸೇರಿದ ಶಿಕ್ಷಕರ ಸಮ್ಮೇಳನ ನಿರ್ಣಯ ಮಾಡಿತ್ತು. ಕೈಕಟ್ಟಿ ಪಾಠ ಹೇಳುವ ಆ ಪದ್ಧತಿ ಎಷ್ಟೋ ದೇಶಗಳ ಶಾಲೆಗಳಲ್ಲಿ ನೂರು ವರ್ಷ ನಡೆಯಿತು.

ಇಂಥ ಹೋಟೆಲುಗಳೂ ಅದೊಂದೇ ಅಲ್ಲ. ಮುಂಬೈಯ ಪೊವೈಯಲ್ಲಿ ‘ಮಿರ್ಚಿ ಅಂಡ್ ಮೈಮ್’ 2015ರಲ್ಲೇ ಕಿವಿ ಕೇಳದವರನ್ನು ಬಡಿಸಲು ನೇಮಿಸಿಕೊಂಡು ಹೆಸರು ಮಾಡಿತ್ತು. ನಮ್ಮ ಹುಬ್ಬಳ್ಳಿಯಲ್ಲಿ 2017ರಲ್ಲಿ ಶುರುವಾದ ‘ಮಿಟ್ಟಿ ಕೆಫೆ’ ಬಗೆಬಗೆಯ ಅಂಗವೈಕಲ್ಯ ಇರುವವರೇ ನಡೆಸುವಂಥದ್ದು. 2023ರ ನವೆಂಬರಿನಲ್ಲಿ ಅದರ ಒಂದು ಶಾಖೆ ಸುಪ್ರೀಂ ಕೋರ್ಟಿನ ಆವರಣದಲ್ಲೇ ತೆರೆಯಿತು. ಇನ್ನು ಲೆಬನಾನಿನ ಮಾತು. ಅಲ್ಲಿ 1975ರಿಂದ 1990ರವರೆಗೆ ಅಂತರ್ಯುದ್ಧ ನಡೆದು, ಊರು ಊರಿಗೆ ಆಗದ ಸ್ಥಿತಿ ಬಂದಿತ್ತು. ಕಮಾಲ್ ಮುಝವಾಕ್ ಎಂಬವರು 2004ರಲ್ಲಿ ಬೈರೂತ್‌ನಲ್ಲಿ ರೈತರ ಸಂತೆ ಕಟ್ಟಿದರು, 2009ರಲ್ಲಿ ‘ತವ್ಲೆತ್’ ಎಂಬ ಊಟದ ಮನೆ ತೆರೆದರು. ತವ್ಲೆತ್ ಎಂದರೆ ಮೇಜು. ದಿನಕ್ಕೊಂದು ಸೀಮೆಯ ಹೆಂಗಸರು ಬಂದು ತಮ್ಮೂರಿನ ಅಡುಗೆಯನ್ನೇ ಮಾಡಿ ಬಡಿಸುವುದು ಅಲ್ಲಿಯ ಕ್ರಮ. ಒಬ್ಬರನ್ನೊಬ್ಬರು ನಂಬದ ಊರಿನವರು ಒಂದೇ ಮೇಜಿಗೆ ಕೂತು ಉಣ್ಣಲಿ ಎಂಬುದು ಉದ್ದೇಶ. ಓದುವಾಗ ನನಗೆ ನಮ್ಮ ಪಡಸಾಲೆ ಕಣ್ಣಮುಂದೆ ಬಂತು. ಅಲ್ಲಿ ಯುದ್ಧ ಆಗಿರಲಿಲ್ಲ. ಎಲ್ಲರೂ ಒಂದೇ ಸಾಲಿನಲ್ಲಿ ಕೂತು ಉಣ್ಣುತ್ತಿದ್ದೆವು. ಕಾಕಾ ಬಡಿಸುತ್ತಿದ್ದರು.

ಇನ್ನೊಂದು ವಿಷಯವೂ ತಿಳಿಯಿತು. ಹುಟ್ಟಾ ಕಿವುಡರಿಗೂ ಮೂಕರಿಗೂ ಪಿತ್ರಾರ್ಜಿತದಲ್ಲಿ ಪಾಲಿಲ್ಲ ಎಂಬುದು ಹಳೆಯ ಹಿಂದೂ ಧರ್ಮಶಾಸ್ತ್ರದ ಕಟ್ಟಳೆ. ಅದನ್ನು ಬ್ರಿಟಿಷರ ಕಾಲದಲ್ಲೇ, 1928ರ ಕಾನೂನಿನಿಂದ ತೆಗೆದುಹಾಕಿದ್ದರು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯೂ ಅಂಗದ ಊನ ಪಾಲಿಗೆ ಅಡ್ಡಿಯಲ್ಲ ಎಂದಿದೆ. ನಾನು 1994ರಲ್ಲಿ ಕಾನೂನು ಬಲ್ಲವನಂತೆ ಆಡಿದ ಮಾತು 66 ವರ್ಷದ ಹಿಂದೆಯೇ ಸತ್ತದ್ದಾಗಿತ್ತು.

ಆ ವರ್ಷ ಏಪ್ರಿಲ್ ಮೊದಲ ವಾರ ಯುಗಾದಿ. ರಾತ್ರಿ ಬಸ್ಸು ಹಿಡಿದು ಊರಿಗೆ ಹೋದೆ. ಅಪ್ಪ ಆಗ ಇರಲಿಲ್ಲ. ಮಧ್ಯಾಹ್ನ ಎಲ್ಲರೂ ಮಲಗಿದ ಮೇಲೆ ಕಾಕಾನ ಎದುರು ಕೂತೆ, ಬೆಳಕಿಗೆ ಮುಖ ಮಾಡಿ. ನಿಧಾನವಾಗಿ, ಕೂಗದೆ ಕೇಳಿದೆ: “ಕಾಕಾ, ಅವತ್ತ ಪಾಲ ಮಾಡುವಾಗ ನಾ ಅಂದದ್ದು ನಿಮಗ ತಿಳಿದಿತ್ತೇನು?”

ಅವರು ನನ್ನ ಬಾಯನ್ನೇ ನೋಡಿದರು. ಎರಡನೆಯ ಸಲ ಕೇಳಬೇಕಾಯಿತು. ಆಮೇಲೆ ಎಡ ಅಂಗೈ ಚಾಚಿ, ಬಲಗೈ ಅಂಚಿನಿಂದ ಅದರ ಮೇಲೆ ಕೊಯ್ದ ಹಾಗೆ ಮಾಡಿದರು. ಒಂದು ತುಂಡಿಗೆ ಮೀಸೆ ತಿರುವಿದರು. ಒಂದಕ್ಕೆ ಕಣ್ಣಿಗೆ ಬೆರಳು ಹಿಡಿದರು. ಮೂರನೆಯದಕ್ಕೆ ತಮ್ಮ ಎದೆ ಮುಟ್ಟಿಕೊಂಡು, ಅಂಗೈಯನ್ನು ಒರೆಸಿಬಿಟ್ಟರು. ಹೆಬ್ಬೆಟ್ಟನ್ನು ಅಂಗೈಗೆ ಒತ್ತಿ ತೋರಿಸಿದರು. ಕೊನೆಗೆ ತಮ್ಮ ಗದ್ದ ಮುಟ್ಟಿ, ಬಾಯಿಯ ಮುಂದೆ ಬೆರಳುಗಳನ್ನು ತೆರೆದು ಮುಚ್ಚಿ ಮಾಡಿದರು. ಮಾತಾಡಿದವನು ನೀನು.

ಇಪ್ಪತ್ತೈದು ವರ್ಷ ಅವರು ಇದನ್ನು ಇಟ್ಟುಕೊಂಡಿದ್ದರು. ಅಷ್ಟರಲ್ಲಿ ನಾನು ನೂರು ಸಲ ಊರಿಗೆ ಹೋಗಿ ಬಂದಿದ್ದೆ, ಪ್ರತಿ ಸಲವೂ ಬಸ್ಸಿನತನಕ ಚೀಲ ಹೊತ್ತು ತಂದವರು ಅವರೇ. ತಪ್ಪಾಯಿತು ಎನ್ನುವುದಕ್ಕೆ ನಮ್ಮಿಬ್ಬರ ನಡುವೆ ಒಂದು ಸನ್ನೆ ಇಲ್ಲ. ಅಂಥ ಮಾತಿನ ಅಗತ್ಯ ಆ ಮನೆಯಲ್ಲಿ ಯಾರಿಗೂ ಬಿದ್ದಿರಲಿಲ್ಲ. ನಾನು ಅವರ ಕಾಲು ಹಿಡಿದೆ. ಅವರಿಗೆ ಮುಜುಗರವಾಯಿತು. ಕಾಲು ಬಿಡಿಸಿಕೊಂಡು, ಕೈಯನ್ನು ಬಾಯಿಗೆ ಒಯ್ದು ಉಂಡೆಯೇನು ಎಂದು ಕೇಳಿದರು. ಬೆಳಿಗ್ಗೆ ಇಬ್ಬರೂ ಜೊತೆಗೇ ಉಂಡಿದ್ದೆವು. ಆದರೂ ಎದ್ದು ಒಳಗೆ ಹೋಗಿ ಒಂದು ಬಟ್ಟಲು ಬೇವಿನ ಪಾನಕ ತಂದು ಕೊಟ್ಟರು. ಅದು ಕ್ಷಮೆಯೋ, ಬರೀ ಹಬ್ಬದ ಪಾನಕವೋ ನನಗೆ ಇವತ್ತಿಗೂ ತಿಳಿಯದು.

ತಮ್ಮನನ್ನು ಒಪ್ಪಿಸಲು ಹೊತ್ತು ಹಿಡಿಯಿತು. 2021ರ ಜನವರಿಯಲ್ಲಿ ಉಳಿದ ಮೂರು ಎಕರೆ ಕಾಕಾನ ಹೆಸರಿಗಾಯಿತು. ಮಾರಿದ ಮೂರು ಎಕರೆಗೆ ತಿಂಗಳು ತಿಂಗಳು ಅವರ ಖಾತೆಗೆ ಹಣ ಹಾಕುತ್ತಿದ್ದೇನೆ. ಫ್ಲ್ಯಾಟಿನ ಸಾಲ ತೀರಿದ ಮೇಲೆ ಈ ಸಾಲ. ಇದರಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ, ಅವರದ್ದನ್ನೇ ಅವರಿಗೆ ಕೊಟ್ಟದ್ದು. ಆದರೆ ನೋಂದಣಿಗೆ ಬರೆದ ಕಾಗದದ ತಲೆಬರಹ ಓದಿ ನನಗೆ ಆ ಹೋಟೆಲಿನ ಮಾಲೀಕರು ನೆನಪಾದರು. ಅದರ ಮೇಲೆ ‘ದಾನಪತ್ರ’ ಎಂದಿತ್ತು. ಕಾನೂನಿಗೆ ಬೇರೆ ಹೆಸರಿಲ್ಲವಂತೆ. ಹೆಬ್ಬೆಟ್ಟು ಒತ್ತುವ ಹೊತ್ತಿಗೆ ನಾನು ಮಸಿಯ ಡಬ್ಬಿಗೆ ಕೈ ಚಾಚಿದೆ. ಕಾಕಾ ಅದನ್ನು ತಮ್ಮ ಕಡೆಗೆ ಎಳೆದುಕೊಂಡು, ತಾವೇ ಬೆರಳಿಗೆ ಹಚ್ಚಿಕೊಂಡರು.

ಆ ಲೆಬನಾನಿ ಹೋಟೆಲು ಈಗಿಲ್ಲ. 2020ರ ಮಾರ್ಚಿನ ಲಾಕ್‌ಡೌನ್‌ನಲ್ಲಿ ಬಾಗಿಲು ಹಾಕಿದ್ದು ಮತ್ತೆ ತೆರೆಯಲಿಲ್ಲ. ಲೆಕ್ಕದ ಮೇಲೆ ನಡೆದದ್ದು ಲೆಕ್ಕ ತಪ್ಪಿದಾಗ ನಿಂತಿತು. ಹುಡುಗ ಆಗ ಅಕ್ಕಲಕೋಟೆಗೆ ಹೋದವನು, ಆಮೇಲೆ ಪುಣೆಯ ಗೋದಾಮೊಂದರಲ್ಲಿ ಪಾರ್ಸೆಲ್ ಕಟ್ಟುವ ಕೆಲಸಕ್ಕೆ ಸೇರಿದನೆಂದು ಮೈಸೂರಿನಿಂದ ತಿಳಿಯಿತು. ಕರೋನಾ ಕಾಲದಲ್ಲಿ ಎಲ್ಲರ ಬಾಯಿಗೂ ಮಾಸ್ಕು ಬಂದಾಗ ನಾನು ಅವನನ್ನೇ ನೆನೆಯುತ್ತಿದ್ದೆ. ಊರ ತುಂಬ ಮುಚ್ಚಿದ ತುಟಿಗಳು.

ನಮ್ಮ ಗುಂಪಿನ ಊಟ ಮತ್ತೆ ಶುರುವಾಗಿದೆ, ದಂಡದ ಡಬ್ಬಿಯೂ ಇದೆ. ಭಾಷೆ ಉಳಿಸುವ ಬಗ್ಗೆ ನನ್ನ ಭಾಷಣ ಮಾತ್ರ ನಿಂತಿದೆ. ಮನೆಯೊಳಗೆ ಒಬ್ಬರ ಮಾತು ಒಬ್ಬರಿಗೆ ತಿಳಿಯದ ದಿನ ಬಂದೀತೆಂದು ಹೆದರುತ್ತಿದ್ದೆನಲ್ಲ, ಆ ದಿನ ನಾನು ಹುಟ್ಟುವ ಮೊದಲೇ ನಮ್ಮ ಮನೆಗೆ ಬಂದಿತ್ತು.

ಈಗ ಭಾನುವಾರ ಸಂಜೆ ತಮ್ಮನ ಮಗ ಫೋನು ಹಿಡಿದು ಕಾಕಾನ ಮುಂದೆ ನಿಲ್ಲಿಸುತ್ತಾನೆ. ಎಪ್ಪತ್ತು ವರ್ಷ ಅವರ ಪಾಲಿಗೆ ಫೋನು ಎಂಬುದು ಬೇರೆಯವರು ಕಿವಿಗೆ ಒತ್ತಿಕೊಳ್ಳುವ ಒಂದು ಸಾಮಾನು, ಅಷ್ಟೆ. ವಿಡಿಯೊ ಬಂದಮೇಲೆ ಅದು ಅವರದೂ ಆಗಿದೆ. ನನ್ನ ಮಗಳಿಗೆ ಅವರೊಂದು ಹೆಸರು ಇಟ್ಟಿದ್ದಾರೆ, ಹಣೆಯ ಮೇಲೆ ಬಿದ್ದ ಕೂದಲು ಸರಿಸುವ ಸನ್ನೆ. ಅಜ್ಜಿಯ ಫೋನು ಎರಡು ಮಾತಿಗೆ ನನಗೆ ದಾಟಿಸುವವಳು, ಕಾಕಾನ ಹತ್ತಿರ ಅರ್ಧ ಗಂಟೆ ಕೈಯಾಡಿಸುತ್ತಾಳೆ. ಕಡಲೆಗೆ ಹುಳ ಬಿದ್ದದ್ದು, ಎಮ್ಮೆ ಈದದ್ದು ಎಲ್ಲ ನನಗೆ ಅವಳಿಂದಲೇ ತಿಳಿಯುತ್ತದೆ.

ನನ್ನ ಸರದಿ ಬಂದಾಗ ಕಿಟಕಿಗೆ ಮುಖ ಮಾಡಿ ಕೂಡುತ್ತೇನೆ. ಬಾಯಿಗೆ ಕೈ ಅಡ್ಡ ಹಿಡಿಯುವುದಿಲ್ಲ, ಕೂಗುವುದಿಲ್ಲ. ಏನು ಆಡಬೇಕೋ ಅದನ್ನು ಮೊದಲು ಒಮ್ಮೆ ಮನಸ್ಸಿನಲ್ಲಿ ಆಡಿ ನೋಡಿಕೊಳ್ಳುತ್ತೇನೆ.